ಬೇಡವಾದ ಮಾತ್ರೆ ಎಲ್ಲಿಗೆ ಹೋಗಬೇಕು?

(ಮಹಿಳಾ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಆಡಿದ ಮಾತು)



ನಮ್ಮಲ್ಲಿ ಕೆಲವರು ಮರೆಗುಳಿ ಕಾಯಿಲೆಯವರ ಆರೈಕೆ ಕೇಂದ್ರಗಳಿಗೆ ಆಯಾ ಕೆಲಸಕ್ಕೆ ಹೋಗುತ್ತೇವೆ. ಇನ್ನು ಕೆಲವರ ಮನೆಯಲ್ಲೇ ಅಂಥ ಅತ್ತೆಯೋ ಮಾವನೋ ಇದ್ದಾರೆ. ಇಬ್ಬರಿಗೂ ಈ ಮಾತು ಬೇಕು.

ನಾನು ನೋಡಿಕೊಳ್ಳುತ್ತಿದ್ದ ಒಬ್ಬರು ಅಜ್ಜಿಯ ದಿಂಬಿನ ಕೆಳಗೆ ಒಂದು ದಿನ ಎಂಟು ಮಾತ್ರೆ ಸಿಕ್ಕವು. ನುಂಗಿದ ಹಾಗೆ ಮಾಡಿ ಬಚ್ಚಿಟ್ಟಿದ್ರು. ತಿಂಗಳ ಹಿಂದೆಯೇ ಡಾಕ್ಟರು ನಿಲ್ಲಿಸಿದ್ದ ನಿದ್ದೆ ಮಾತ್ರೆಯೂ ಅದರಲ್ಲಿತ್ತು. "ಇದೇನಜ್ಜಿ?" ಅಂದೆ. "ಪೆಪ್ಪರ್‌ಮಿಂಟು ಮಗಾ, ನಿನ್ನ ಮಗೂಗೆ ಕೊಡು" ಅಂದ್ರು. ನನ್ನ ಕೈ ನಡುಗಿತು.

ಮರೆವಿನವರು ನುಂಗಿದ್ದನ್ನು ಮರೆತು ಮತ್ತೆ ನುಂಗಬಹುದು. ಬಿ.ಪಿ. ಮಾತ್ರೆ ಹೆಚ್ಚಾದರೆ ತಲೆ ಸುತ್ತಿ ಬೀಳ್ತಾರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಹೆಚ್ಚಾದರೆ ಪ್ರಜ್ಞೆ ತಪ್ಪಬಹುದು. ನಿದ್ದೆ ಮಾತ್ರೆ ಹೆಚ್ಚಾದರೆ ಉಸಿರಿಗೇ ಕುತ್ತು. ಆದ್ದರಿಂದ ನಿಲ್ಲಿಸಿದ ಔಷಧಿ ಅವರ ಕೈಗೆ ಸಿಗುವಲ್ಲಿ ಒಂದು ದಿನವೂ ಇರಬಾರದು.

"ದುಡ್ಡು ಕೊಟ್ಟಿದ್ದಲ್ವಾ, ಹೇಗೆ ಎಸೆಯೋದು?" ಅಂತೀರಿ. ತೀರಿಹೋದವರ ಮಾತ್ರೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಡುವುದು ಉಳಿತಾಯವಲ್ಲ, ಅಪಾಯ.

ಕೇಂದ್ರದಲ್ಲಿ ಕೆಲಸ ಮಾಡುವವರು ಹೀಗೆ ಮಾಡಿ:
* ಮಾತ್ರೆ ನುಂಗುವ ತನಕ ಎದುರಿಗೇ ನಿಂತಿರಿ. ದಿಂಬು, ಜೇಬು ದಿನವೂ ನೋಡಿ.
* ಉಳಿದ ಮಾತ್ರೆ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರು ಸಹಿ ಹಾಕಿ, ಬೀಗದೊಳಗಿಟ್ಟು ನರ್ಸಮ್ಮನಿಗೆ ಒಪ್ಪಿಸಿ.
* 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅವಧಿ ಮುಗಿದ ಔಷಧಿ ಹಳದಿ ಚೀಲಕ್ಕೆ ಹೋಗಬೇಕು. ಊಟದ ಕಸದ ಜೊತೆಗಲ್ಲ.

ಮನೆಯಲ್ಲಿ ಹೀಗೆ:
* ಮೊದಲು ಔಷಧಿ ಅಂಗಡಿಯಲ್ಲಿ ಅಥವಾ ಆಸ್ಪತ್ರೆಯಲ್ಲಿ ವಾಪಸು ತಗೊಳ್ತಾರಾ ಕೇಳಿ. ಇಲ್ಲವಾದರೆ ಬೇರೆ ಕವರಿನಲ್ಲಿ ಕಟ್ಟಿ, ಔಷಧಿ ಅಂತ ಹೇಳಿಯೇ ಕಸದ ಗಾಡಿಗೆ ಕೊಡಿ. ಅಲ್ಲಿಯವರೆಗೆ ಬೀಗದೊಳಗಿರಲಿ.
* ಒಲೆಗೆ, ಬಾವಿಗೆ, ಗೊಬ್ಬರದ ಗುಂಡಿಗೆ ಹಾಕಬೇಡಿ. ಸುಟ್ಟರೆ ವಿಷದ ಹೊಗೆ. ನೀರಿಗೆ ಬಿದ್ದರೆ ಎಲ್ಲರ ಹೊಟ್ಟೆಗೆ.
* ಇದಕ್ಕೊಂದು ಹೊರತು ಇದೆ. ಡಯಾಜೆಪಾಮ್, ಟ್ರಮಡಾಲ್, ಫೆಂಟನಿಲ್ ಸೇರಿ 17 ಔಷಧಿಗಳು ಬೇರೆಯವರ ಕೈಗೆ ಸಿಕ್ಕರೆ ಬಹಳ ಅಪಾಯ. ಇವನ್ನು ವಾಪಸು ಕೊಡಲು ಆಗದಿದ್ದರೆ ಶೌಚಾಲಯದಲ್ಲಿ ನೀರು ಬಿಟ್ಟು ಕಳೆಯಬಹುದೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ತಿಳಿಸಿದೆ. ನಿಮ್ಮ ಮಾತ್ರೆ ಆ ಪಟ್ಟಿಯಲ್ಲಿದೆಯೇ ಎಂದು ಅಂಗಡಿಯವರನ್ನು ಕೇಳಿಯೇ ಮಾಡಿ.

ಮುಂದಿನ ಸಭೆಗೆ ಬರುವ ಮೊದಲು ಮನೆಯ ಮಾತ್ರೆ ಡಬ್ಬಿ ಒಮ್ಮೆ ತೆರೆದು ನೋಡಿ. ಬೇಡದ್ದು ಎಷ್ಟು ಸಿಕ್ಕಿತು ಅಂತ ಬಂದು ಹೇಳಿ. ಹಿರಿಯರಿಗೆ ನೆನಪಿಲ್ಲದಿದ್ದರೆ, ಅವರ ಪರವಾಗಿ ನಾವು ನೆನಪಿಡೋಣ.