ಗೋಧಿ ಒಗ್ಗದ ಮಗು: ಸಂದೇಹ ನೀಗಿಸುವ ಪರೀಕ್ಷೆಗಳು



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿಯೇ ಮುಖ್ಯ ಆಹಾರ. ಆದರೂ ಚಪಾತಿ, ರವೆ, ಬಿಸ್ಕತ್ತುಗಳ ರೂಪದಲ್ಲಿ ಗೋಧಿಯು ಮಕ್ಕಳ ಹೊಟ್ಟೆ ಸೇರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವು ಕೆಲವರ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಇದೇ ಸೀಲಿಯಾಕ್ ರೋಗ. ಪದೇ ಪದೇ ಭೇದಿ, ಹೊಟ್ಟೆಯುಬ್ಬರ, ಕುಂಠಿತ ಬೆಳವಣಿಗೆ, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ ಇದರ ಲಕ್ಷಣಗಳು. ಕರುಳಿನ ಸೋಂಕುಗಳಲ್ಲಿಯೂ ಇಂಥವೇ ಲಕ್ಷಣಗಳು ಕಾಣುವುದರಿಂದ ಪರೀಕ್ಷೆಯಿಲ್ಲದೆ ನಿರ್ಣಯಿಸಲಾಗದು.

ಮೊದಲು ರಕ್ತದಲ್ಲಿ ಟಿಟಿಜಿ-ಐಜಿಎ ಪ್ರತಿಕಾಯವನ್ನು ಅಳೆಯುತ್ತಾರೆ. ಕೆಲವರ ರಕ್ತದಲ್ಲಿ ಐಜಿಎ ಅಂಶವೇ ಕೊರತೆ. ಅಂಥವರಲ್ಲಿ ರೋಗವಿದ್ದರೂ ಈ ಪರೀಕ್ಷೆ ‘ಇಲ್ಲ’ವೆನ್ನಬಹುದು. ಆದುದರಿಂದ ಒಟ್ಟು ಐಜಿಎಯನ್ನೂ ಅಳೆದು, ಕೊರತೆಯಿದ್ದರೆ ಐಜಿಜಿ ಬಗೆಯ ಪರೀಕ್ಷೆ ಮಾಡುತ್ತಾರೆ. ಬಳಿಕ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಮೊದಲ ಭಾಗದಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾನಿಯು ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಒಂದೇ ಚೂರು ಸಾಲದು.

ಇಷ್ಟಾದರೂ ಸಂದೇಹ ಉಳಿದರೆ ಎಚ್‌ಎಲ್‌ಎ ಪರೀಕ್ಷೆಯುಂಟು. ಡಿಕ್ಯು 2, ಡಿಕ್ಯು 8 ಎಂಬ ಎರಡೂ ಗುರುತುಗಳಿಲ್ಲದಿದ್ದರೆ ಈ ರೋಗದ ಸಂಭವ ಅತಿ ವಿರಳ. ಇದ್ದ ಮಾತ್ರಕ್ಕೆ ರೋಗವೆನ್ನಲಾಗದು. ಆರೋಗ್ಯವಂತರಲ್ಲಿಯೂ ಅವು ಇರುತ್ತವೆ.

ಒಂದು ಮಾತನ್ನು ಮರೆಯದಿರಿ: ಪರೀಕ್ಷೆಗೆ ಮುನ್ನ ನೀವಾಗಿಯೇ ಗೋಧಿ ನಿಲ್ಲಿಸಬಾರದು. ನಿಲ್ಲಿಸಿದರೆ ಕರುಳು ಚೇತರಿಸಿಕೊಂಡು ರೋಗದ ಕುರುಹು ಮರೆಯಾಗುತ್ತದೆ.

ರೋಗ ಖಚಿತವಾದಲ್ಲಿ ಗೋಧಿ, ಬಾರ್ಲಿಗಳನ್ನು ಜೀವನಪರ್ಯಂತ ಬಿಡಬೇಕು. ನಮ್ಮ ಜೋಳ, ಸಜ್ಜೆ, ಅಕ್ಕಿ, ತೊಗರಿಗಳಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಆ ಮಗುವಿನ ಜೋಳವನ್ನು ಬೀಸಿಸದಿರಿ.