ಪುಡಿ ಡಬ್ಬಿಯ ಅಂಕೆ ಓದೋಣ



ಹೋದ ವಾರ ನಮ್ಮ ಚೇರಂಬಾಡಿ ಕೇಂದ್ರಕ್ಕೆ ಒಬ್ಬ ಅಕ್ಕ ದೊಡ್ಡದೊಂದು ಡಬ್ಬಿ ತಂದರು. "ಮೇಡಂ, ಮಗ ಐದು ವರ್ಷದಿಂದ ಜಿಮ್ಮಿಗೆ ಹೋಗ್ತಾನೆ. ತೋಟದ ಕೂಲಿ ಎಲ್ಲ ಈ ಪುಡಿಗೇ ಹೋಗ್ತದೆ. ಇದರಲ್ಲಿ ಏನಿದೆ ಓದಿ ಹೇಳಿ" ಅಂದರು. ನಾನೊಬ್ಬಳೇ ಯಾಕೆ ಓದಲಿ? ಬರೆದದ್ದು ಇಂಗ್ಲಿಷ್ ಆದರೂ ಅಂಕೆ ನಿಮಗೆಲ್ಲ ಬರ್ತದಲ್ಲ!

ಒಂದು ಅಳತೆ ಚಮಚಕ್ಕೆ 30 ಗ್ರಾಂ ಪುಡಿ. ಅದರಲ್ಲಿ 24 ಗ್ರಾಂ ಪ್ರೋಟೀನ್. ಹಾಲು ಒಡೆದಾಗ ತಿಳಿನೀರು ಬೇರೆಯಾಗ್ತದೆ ನೋಡಿ, ಅದರ ಸಾರ ಒಣಗಿಸಿ ಮಾಡಿದ್ದು ಇದು. ವಿಷವಲ್ಲ, ಆಹಾರವೇ. ಅಷ್ಟೇ ಪ್ರೋಟೀನ್ ನಾಲ್ಕು ಮೊಟ್ಟೆಯಲ್ಲಿ ಇದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲೂ ಇದೆ.

ಭಾರ ಎತ್ತುವವರಿಗೆ ದಿನಕ್ಕೆ ಎಷ್ಟು ಬೇಕು? ಮೈತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಸಾಕು. ಹುಡುಗನ ತೂಕ 60 ಕಿಲೋ. ಗುಣಿಸಿ ನೋಡಿ, 96 ಗ್ರಾಂ. ಬೇಳೆ, ಹಾಲು, ಮೊಟ್ಟೆ, ಮೀನು ಸೇರಿ ಅಷ್ಟಾದರೆ ಡಬ್ಬಿ ಬೇಕಿಲ್ಲ. ಅದಕ್ಕಿಂತ ಹೆಚ್ಚು ತಿಂದರೆ ಬಲ ಹೆಚ್ಚೋದು ಅಷ್ಟಕ್ಕಷ್ಟೆ.

ಹಾಗಾದರೆ ಪಳಗಿದವರೇ ಪುಡಿಗೆ ಯಾಕೆ ಮರುಳಾಗ್ತಾರೆ? ಹೊಸಬನಿಗೆ ಬಲ ಬೇಗ ಬರ್ತದೆ. ವರ್ಷಗಟ್ಟಲೆ ಎತ್ತಿದವನಿಗೆ ಒಂದು ಕಿಲೋ ಹೆಚ್ಚಿಸುವುದೂ ಕಷ್ಟ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ನಾಲ್ಕು ವರ್ಷಕ್ಕೆ 20 ಕಿಲೋ, ಅದೂ ಮೇಲಿನ ತೂಕದ ವಿಭಾಗಕ್ಕೆ ಹೋಗಿ! ಇಷ್ಟು ತಾಳ್ಮೆ ಇಲ್ಲದವರನ್ನೇ ಜಾಹೀರಾತು ಹಿಡಿಯೋದು.

ಕ್ರಿಯಾಟಿನ್ ಎಂಬ ಇನ್ನೊಂದು ಪುಡಿ ಇದೆ. ದಿನಕ್ಕೆ 3ರಿಂದ 5 ಗ್ರಾಂ ತಗೊಂಡು ಕಸರತ್ತು ಮಾಡಿದರೆ ಬಲ ಸ್ವಲ್ಪ ಹೆಚ್ಚುವುದು ನಿಜ. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು.

ನನಗೆ ಹೆದರಿಕೆ ಇರೋದು ಡಬ್ಬಿಯ ಮೇಲೆ ಬರೆಯದೇ ಇರುವ ವಸ್ತುವಿನ ಬಗ್ಗೆ. ಕೆಲವು ಪುಡಿಗಳಿಗೆ ಸ್ಟೀರಾಯ್ಡ್ ಬೆರೆಸಿರ್ತಾರೆ. ಅದು ಯಕೃತ್ತು, ಹೃದಯ ಎರಡನ್ನೂ ಕೆಡಿಸ್ತದೆ. ಆಟಗಾರನ ಮೂತ್ರದಲ್ಲಿ ಸಿಕ್ಕಿದರೆ, "ನನಗೆ ಗೊತ್ತಿರಲಿಲ್ಲ" ಅಂದ ಮಾತ್ರಕ್ಕೆ ಬಿಡೋದಿಲ್ಲ.

ಕೊಳ್ಳುವಾಗ ಎಫ್‌ಎಸ್‌ಎಸ್‌ಎಐ ಗುರುತಿನ ಹತ್ತಿರ 14 ಅಂಕೆಯ ಪರವಾನಗಿ ಸಂಖ್ಯೆ ಹುಡುಕಿ. ಅದು ಇದ್ದ ಮಾತ್ರಕ್ಕೆ ಒಳಗಿನ ಪುಡಿ ಶುದ್ಧ ಅಂತಲ್ಲ. ಇಲ್ಲದಿದ್ದರೆ ಮಾತ್ರ ಮುಟ್ಟಲೇಬೇಡಿ. ಬಿಲ್ಲು ಕೇಳಿ. ತಾರೀಕು ನೋಡಿ.

ಅಕ್ಕ ಬೆರಳಿಟ್ಟು ಎಣಿಸಿದರು. 14 ಇತ್ತು. ಆಮೇಲೆ ತಳ ತಿರುಗಿಸಿ ತಾರೀಕು ಓದಿದರು. ಅವಧಿ ಮುಗಿದು ಎರಡು ತಿಂಗಳಾಗಿತ್ತು! "ಮಗನಿಗೆ ನಾನೇ ಓದಿ ತೋರಿಸ್ತೇನೆ" ಅಂತ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.