ನೀರು ಕೆಂಪಾದುದನ್ನು ಯಾರು ಬರೆದಿಡಬೇಕು?

(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಪರಿಸರಸ್ನೇಹಿ ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಉದ್ದನೆಯ ಹೆಸರನ್ನು ಕಂಡು ಬೆದರಬೇಡಿ. ಒಂದು ಸಂಸ್ಥೆಯು ಯಾರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ, ಅವರಿಗೆ ಏನನ್ನು ಕಲಿಸುತ್ತದೆ, ಯಾವ ಕೆಲಸವನ್ನು ಮೆಚ್ಚಿ ಬಡ್ತಿ ನೀಡುತ್ತದೆ, ಯಾರ ಮಾತಿಗೆ ಕಿವಿಗೊಡುತ್ತದೆ ಎಂಬುದರಲ್ಲೆಲ್ಲ ಕಾಡು, ನೀರು, ಮಣ್ಣುಗಳಿಗೂ ಸ್ಥಾನವಿರಬೇಕೆಂಬುದೇ ಅದರ ತಿರುಳು. ಮನುಷ್ಯನನ್ನು ‘ಸಂಪನ್ಮೂಲ’ವೆಂದು ಕರೆಯುವುದು ನನಗೆ ಇಂದಿಗೂ ಹಿಡಿಸದು, ಅದಿರಲಿ.

ಕುದುರೆಮುಖವನ್ನೇ ನೋಡೋಣ. ಭದ್ರೆಯು ಹುಟ್ಟುವ ಆ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಶೇಖರವಾಗುತ್ತಿತ್ತು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಆ ದಿನಗಳಲ್ಲಿ ನದಿ ಉಳಿಯಲಿ ಎನ್ನುವವರು ಒಂದು ಕಡೆ, ನೌಕರಿ ಉಳಿಯಲಿ ಎನ್ನುವವರು ಇನ್ನೊಂದು ಕಡೆ. ನದಿಯ ಪರವಾಗಿ ನಿಂತ ನಾವು ಕಾರ್ಮಿಕರ ಮನೆಯ ಮಾತನ್ನು ಸಾಕಷ್ಟು ಕೇಳಲಿಲ್ಲವೆಂಬ ಕೊರಗು ನನ್ನನ್ನು ಬಿಟ್ಟಿಲ್ಲ. ಆದರೆ ಒಂದನ್ನು ಗಮನಿಸಿ: ಗಣಿ ಗುತ್ತಿಗೆಯು 1969ರಿಂದ 30 ವರ್ಷಗಳದು. ಅದು 1999ಕ್ಕೆ ಮುಗಿಯುವುದೆಂದು ಕಾಗದದಲ್ಲಿಯೇ ಇತ್ತು. ಅದಿರು ಬೆಳೆಯಲ್ಲ, ಮತ್ತೆ ಚಿಗುರುವುದಿಲ್ಲ. ಹೀಗಿರುವಾಗ ಗಣಿಯ ನೌಕರನಿಗೆ ಎರಡನೆಯ ಕಸುಬನ್ನು ಕಲಿಸುವ ಕೆಲಸವು ಮೊದಲ ವರ್ಷದಿಂದಲೇ ಆರಂಭವಾಗಬೇಕು. ಕೊನೆಯ ವರ್ಷದ ಪರಿಹಾರದ ಮೊತ್ತದಿಂದಲ್ಲ.

ಇನ್ನೊಂದು ವಿಷಯ. ಮೊದಲ ಮಳೆಗೆ ಹಳ್ಳದ ನೀರು ಕೆಂಪಾಗುವುದನ್ನು ಮೊದಲು ಕಾಣುವವನು ಇಂಜಿನಿಯರ್ ಅಲ್ಲ, ಲಾರಿ ಚಾಲಕ ಅಥವಾ ದಿನಗೂಲಿಯವನು. ಅದನ್ನು ಬರೆದಿಡಲು ಅವನಿಗೊಂದು ಪುಸ್ತಕವುಂಟೇ? ಬರೆದರೆ ಕೆಲಸಕ್ಕೆ ಕುತ್ತು ಬಾರದೆಂಬ ಭರವಸೆಯುಂಟೇ? ಮೇಲ್ವಿಚಾರಕನ ಬಡ್ತಿಯು ಟನ್ನುಗಳ ಲೆಕ್ಕವನ್ನು ಮಾತ್ರ ಅವಲಂಬಿಸಿದ್ದರೆ ಅವನು ಹಳ್ಳದ ಕಡೆಗೆ ಏಕೆ ನೋಡಿಯಾನು? ಗೋಡೆಗೆ ಪರಿಸರ ದಿನದ ಭಿತ್ತಿಪತ್ರವನ್ನು ಅಂಟಿಸಿದ ಮಾತ್ರಕ್ಕೆ ಇದು ಬದಲಾಗದು.

ದೊಡ್ಡ ಕಂಪನಿಗಳ ಮಾತು ನಮಗೇಕೆ ಎನ್ನಬೇಡಿ. ನಮ್ಮಲ್ಲಿ ಅನೇಕರು ಸಹಕಾರ ಸಂಘಗಳ ಸದಸ್ಯರು, ಕೆಲವರು ನಿರ್ದೇಶಕರು. ವಾರ್ಷಿಕ ವರದಿಯಲ್ಲಿ ವಹಿವಾಟಿನ ಅಂಕಿಗಳಿರುತ್ತವೆ. ಅಡಿಕೆ ಬೇಯಿಸಲು ಎಷ್ಟು ಸೌದೆ ಉರಿಯಿತು, ಎಲ್ಲಿಂದ ಬಂತು ಎಂಬ ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ. ಒಲೆಯ ಮುಂದೆ ಹಗಲಿರುಳು ಕುಳಿತ ಹೆಂಗಸಿಗೆ ಆ ಲೆಕ್ಕ ಗೊತ್ತು. ಬರುವ ಮಹಾಸಭೆಗೆ ಆಕೆಯನ್ನು ಕರೆಯಿರಿ. ಮಾತನಾಡಲು ಅಧ್ಯಕ್ಷರಿಗಿಂತ ಮೊದಲು ಅವಕಾಶ ಕೊಡಿ. ಆ ದಿನದ ಕೂಲಿಯನ್ನು ಸಂಘವೇ ಕೊಡಲಿ.